ಬಾಗಿಲುಗಟ್ಟಲೆ ಒಂದು ಹಣ: ಪರಧರ್ಮದ ಸೈರಣೆ ಮತ್ತು ಅದರ ಗಡಿ

(ಪದವಿ ಕಾಲೇಜೊಂದರ ಇತಿಹಾಸ ವಿಭಾಗದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಎದುರಾದ ಒಂದು ಪ್ರಶ್ನೆಯನ್ನು ಉಳಿಸಿಕೊಂಡಿದ್ದೇನೆ.)

ಶ್ರವಣಬೆಳಗೊಳಕ್ಕೆ ಹೋದವರು ಸಾಮಾನ್ಯವಾಗಿ ದೊಡ್ಡಬೆಟ್ಟ ಹತ್ತಿ, ಗೊಮ್ಮಟನನ್ನು ಕಣ್ತುಂಬ ನೋಡಿ, ಮೊಣಕಾಲು ಹಿಡಿದುಕೊಂಡು ಇಳಿದು, ಎಳನೀರು ಕುಡಿದು ಬಸ್ಸು ಹತ್ತುತ್ತಾರೆ. ಕೆಳಗೆ ಊರೊಳಗಿರುವ ಭಂಡಾರಿ ಬಸದಿಯತ್ತ ಹೊರಳುವವರು ಕಡಿಮೆ. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಕಟ್ಟಿಸಿದ, ಇಪ್ಪತ್ನಾಲ್ಕು ತೀರ್ಥಂಕರರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ ಬಸದಿ ಅದು. ಆ ಬಸದಿಯ ಬಳಿ ವಿಜಯನಗರದ ಬುಕ್ಕರಾಯನ ಕಾಲದ, 1368ರ ಒಂದು ಶಾಸನವಿದೆ. ಕನ್ನಡದಲ್ಲಿ ಪರಧರ್ಮದ ಪ್ರಶ್ನೆಯನ್ನು ಚರ್ಚಿಸುವಾಗ ನಾವು ಎಲ್ಲೆಲ್ಲಿಂದಲೋ ಸೂತ್ರಗಳನ್ನು ಎರವಲು ತರುತ್ತೇವೆ. ನನಗೆ ಮಾತ್ರ ಈ ಕಲ್ಲಿನ ಮುಂದೆ ನಿಂತುಕೊಂಡೇ ಯೋಚಿಸುವುದು ಸುಲಭವೆನಿಸುತ್ತದೆ. ಆದ್ದರಿಂದ ಇಂದಿನ ಮಾತೆಲ್ಲ ಈ ಶಾಸನದಿಂದ ಹೊರಟು, ಸಾಧ್ಯವಾದಷ್ಟು ಅದರ ಸುತ್ತಲೇ ಸುತ್ತುತ್ತದೆ.

ಶಾಸನದ ಸಂಗತಿ ಇಷ್ಟು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಭವ್ಯರು, ಅಂದರೆ ಜೈನರು, ಭಕ್ತರು ತಮಗೆ ಮಾಡುತ್ತಿರುವ ಅನ್ಯಾಯಗಳನ್ನು ಬುಕ್ಕರಾಯನಿಗೆ ಬಿನ್ನವಿಸಿಕೊಂಡರು. ಇಲ್ಲಿ ಭಕ್ತರೆಂದರೆ ಶ್ರೀವೈಷ್ಣವರು. ಅರಸನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಸೇರಿಸಿದನು. ಆ ಸಭೆಯ ಪಟ್ಟಿಯಲ್ಲಿ ಆಚಾರ್ಯರಷ್ಟೇ ಇಲ್ಲ, ಅಂದಿನ ಸಮಾಜದಲ್ಲಿ ಕೆಳಗಿನವರೆನಿಸಿದ್ದ ತಿರುಕುಲದವರೂ ಜಾಂಬವಕುಲದವರೂ ಇದ್ದಾರೆ. ಬೀದಿಯ ಜಗಳವನ್ನು ತಡೆಯಬೇಕಾದರೆ ಬೀದಿಯವರ ಒಪ್ಪಿಗೆಯೂ ಬೇಕೆಂಬ ತಿಳಿವಳಿಕೆ ಆ ಪಟ್ಟಿ ಮಾಡಿದವನಿಗಿತ್ತು. ಆ ಮೇಲೆ ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಸಾರಿ, ವೈಷ್ಣವರ ಕೈಯಲ್ಲಿ ಜೈನರ ಕೈಯನ್ನು ಇಟ್ಟನು. ಶಾಸನದ ಮಾತು ‘ಕೈವಿಡಿದು ಕೊಟ್ಟು’ ಎಂದಿದೆ. ಮದುವೆಯಲ್ಲಿ ಹೆಣ್ಣಿನ ಕೈಯನ್ನು ಹಿಡಿದು ಕೊಡುವಂತೆ. ಜೈನ ದರ್ಶನಕ್ಕೆ ಉಂಟಾಗುವ ಹಾನಿಯನ್ನೂ ವೃದ್ಧಿಯನ್ನೂ ವೈಷ್ಣವರು ತಮ್ಮದೇ ಹಾನಿ, ತಮ್ಮದೇ ವೃದ್ಧಿ ಎಂದು ತಿಳಿದು ಪಾಲಿಸಬೇಕು. ಸೂರ್ಯಚಂದ್ರರಿರುವವರೆಗೂ ಕಾಪಾಡಿಕೊಂಡು ಬರಬೇಕು. ಈ ಕಟ್ಟಳೆಯನ್ನು ರಾಜ್ಯದ ಬಸದಿಗಳಲ್ಲೆಲ್ಲ ಕಲ್ಲಿನಲ್ಲಿ ಬರೆಸಿ ನಿಲ್ಲಿಸಬೇಕು. ಮಾಗಡಿ ಸೀಮೆಯ ಕಲ್ಯದಲ್ಲಿ ಇದೇ ಕಟ್ಟಳೆಯ ಇನ್ನೊಂದು ಪ್ರತಿ ಸಿಕ್ಕಿರುವುದರಿಂದ ಆ ಮಾತು ಬರಿಯ ಅಲಂಕಾರವಾಗಿರಲಿಲ್ಲವೆಂದು ತಿಳಿಯುತ್ತದೆ.

ಇಷ್ಟನ್ನು ಶಾಲೆಯ ಪಾಠದಲ್ಲಿ ನೀವೆಲ್ಲ ಓದಿದ್ದೀರಿ. ಪಾಠದಲ್ಲಿ ಬಾರದ ಒಂದು ಸಂಗತಿ ಶಾಸನದ ಮೊದಲ ಸಾಲಿನಲ್ಲೇ ಇದೆ. ಈ ರಾಜಿಯ ಶಾಸನ ಶುರುವಾಗುವುದು ರಾಮಾನುಜರನ್ನು ಹೊಗಳುವ ಒಂದು ಸಂಸ್ಕೃತ ಶ್ಲೋಕದಿಂದ. ಆ ಶ್ಲೋಕ ರಾಮಾನುಜರನ್ನು ‘ಪಾಷಂಡಸಾಗರ ಮಹಾಬಡಬಾಮುಖಾಗ್ನಿ’ ಎಂದು ಕರೆಯುತ್ತದೆ. ಪಾಷಂಡಿಗಳೆಂಬ ಸಮುದ್ರವನ್ನು ಹೀರಿ ಒಣಗಿಸುವ ಬಡಬಾಗ್ನಿ ಎಂದರ್ಥ. ಆ ಕಾಲದ ಶ್ರೀವೈಷ್ಣವನೊಬ್ಬನ ಬಾಯಲ್ಲಿ ಪಾಷಂಡಿ ಎಂದರೆ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಕಲ್ಲು ನಿಂತಿರುವ ನೆಲದವರೇ. ಅಂದರೆ, ಜೈನರನ್ನು ಕಾಪಾಡುತ್ತೇವೆಂದು ಮಾತು ಕೊಡುವ ಶಾಸನ, ಜೈನರ ಊರಿನಲ್ಲೇ, ಅವರನ್ನು ಸುಡುವ ಬೆಂಕಿಯ ಸ್ತುತಿಯಿಂದ ತೊಡಗುತ್ತದೆ.

ಮೊದಲ ಸಲ ಇದನ್ನು ಓದಿದಾಗ ನನಗೆ ನಗು ಬಂತು, ಆಮೇಲೆ ಕಸಿವಿಸಿಯಾಯಿತು. ಈಗ ಹಾಗನಿಸುವುದಿಲ್ಲ. ಶ್ರೀವೈಷ್ಣವರು ತಮ್ಮ ನಂಬಿಕೆಯನ್ನು ಬಿಟ್ಟುಕೊಟ್ಟು ಆ ಸಭೆಗೆ ಬಂದಿರಲಿಲ್ಲ. ಜೈನರ ದಾರಿ ತಪ್ಪೆಂದೇ ಅವರು ಬಗೆದಿದ್ದರು, ಮನೆಗೆ ಹೋದ ಮೇಲೂ ಹಾಗೆಯೇ ಬಗೆದಿರುತ್ತಾರೆ. ‘ಭೇದವಿಲ್ಲ’ ಎಂದದ್ದು ಅರಸನೇ ಹೊರತು ಆಚಾರ್ಯರಲ್ಲ. ಜೈನರ ಸ್ಯಾದ್ವಾದಕ್ಕೂ ಶ್ರೀವೈಷ್ಣವರ ವಿಶಿಷ್ಟಾದ್ವೈತಕ್ಕೂ ಭೇದವಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಪಾಂಡಿತ್ಯ ಬುಕ್ಕರಾಯನಿಗೆ ಇತ್ತೆಂದು ನಾನು ತಿಳಿಯುವುದಿಲ್ಲ; ತನ್ನ ರಾಜ್ಯದಲ್ಲಿ ಇವೆರಡಕ್ಕೂ ಸಲ್ಲುವ ಮರ್ಯಾದೆಯಲ್ಲಿ ಭೇದವಿಲ್ಲ ಎಂಬುದಷ್ಟೇ ಅವನು ಹೇಳಬಹುದಾಗಿದ್ದ ಮಾತು. ಮನಸ್ಸಿನಲ್ಲಿ ಬಡಬಾಗ್ನಿಯನ್ನು ಇಟ್ಟುಕೊಂಡೇ ಕೈಯನ್ನು ಹಿಡಿದುಕೊಂಡಿರುವುದು ಇಲ್ಲಿನ ವಿಶೇಷ.

ನಾವು ಇಂದು ಬಳಸುವ ಸಹಿಷ್ಣುತೆ ಎಂಬ ಮಾತು ಸಭೆಗಳಲ್ಲಿ ಸವೆದು ಸವೆದು ಪ್ರೀತಿ, ಸಾಮರಸ್ಯ, ಭಾವೈಕ್ಯಗಳ ಜೊತೆ ಬೆರೆತುಹೋಗಿದೆ. ಇಷ್ಟವಾದದ್ದನ್ನು ಯಾರೂ ಸಹಿಸುವುದಿಲ್ಲ, ಸವಿಯುತ್ತಾರೆ. ಒಪ್ಪಿಗೆಯಾದದ್ದನ್ನು ಸಹಿಸಬೇಕಾಗಿಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಿಂದ ಹೊರಟ ಕವಿರಾಜಮಾರ್ಗದಲ್ಲಿ ‘ಕಸವರಮೆಂಬುದು ನೆರೆ ಸೈರಿಸಲಾರ್ಪೊಡೆ’ ಎಂದು ಶುರುವಾಗುವ ಪದ್ಯವಿದೆಯಲ್ಲ, ಪರರ ವಿಚಾರವನ್ನೂ ಪರಧರ್ಮವನ್ನೂ ಪೂರ್ತಿಯಾಗಿ ಸೈರಿಸಬಲ್ಲವರಾದರೆ ಅದೇ ಚಿನ್ನ ಎಂದು ಹೇಳುವ ಪದ್ಯ, ಅದರಲ್ಲಿ ನನ್ನ ಕಣ್ಣು ನಿಲ್ಲುವುದು ‘ಆರ್ಪೊಡೆ’ ಎಂಬಲ್ಲಿ. ಶಕ್ತಿಯಿದ್ದರೆ ಎಂದರ್ಥ. ಸೈರಿಸು ಎಂಬ ಕ್ರಿಯಾಪದವನ್ನು ನಾವು ಹೊಟ್ಟೆನೋವಿಗೂ ಬಳಸುತ್ತೇವೆ, ಅತ್ತೆಯ ಮಾತಿಗೂ ಬಳಸುತ್ತೇವೆ. ನೋವಿಲ್ಲದ ಕಡೆ ಆ ಪದಕ್ಕೆ ಕೆಲಸವಿಲ್ಲ. ಇದಕ್ಕಾಗಿಯೇ ನಾನು ಇಂದು ಸಹಿಷ್ಣುತೆಯ ಬದಲು ಸೈರಣೆ ಎನ್ನುತ್ತೇನೆ.

ಇನ್ನು, ಅಂದಿನ ಜಗಳ ಯಾವುದರ ಮೇಲಿತ್ತು ಎಂದು ನೋಡೋಣ. ದೇವರಿದ್ದಾನೋ ಇಲ್ಲವೋ, ಜೀವಕ್ಕೆ ಮೋಕ್ಷ ಹೇಗೆ ಎಂಬ ವಿಷಯವೇ ಶಾಸನದಲ್ಲಿಲ್ಲ. ಜೈನ ದರ್ಶನಕ್ಕೆ ಹಿಂದಿನ ಮರ್ಯಾದೆಯಂತೆ ಪಂಚಮಹಾವಾದ್ಯಗಳೂ ಕಳಶವೂ ಸಲ್ಲತಕ್ಕದ್ದು ಎಂಬುದು ತೀರ್ಪಿನ ತಿರುಳು. ತತ್ತ್ವದ ಜಗಳವಲ್ಲ, ವಾದ್ಯದ ಜಗಳ. ಯಾರ ಮೆರವಣಿಗೆಯ ಮುಂದೆ ಯಾವ ವಾದ್ಯ ನುಡಿಯಬೇಕು, ಯಾವ ಬೀದಿಯಲ್ಲಿ ನುಡಿಯಬೇಕು ಎಂಬುದಕ್ಕೆ ಆರೂವರೆ ಶತಮಾನಗಳ ಹಿಂದೆಯೂ ತಲೆ ಒಡೆದುಕೊಳ್ಳುತ್ತಿದ್ದರು. ಇಂದು ಪಂಚಮಹಾವಾದ್ಯದ ಜಾಗದಲ್ಲಿ ಧ್ವನಿವರ್ಧಕ ಬಂದಿದೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಅದು ಬಾಯಿ ಮುಚ್ಚಿಕೊಂಡಿರಬೇಕೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ನಿಯಮವನ್ನು ಯಾರು ಎಷ್ಟು ಪಾಲಿಸುತ್ತಾರೆಂಬುದು ನಿಮ್ಮ ನಿಮ್ಮ ಬೀದಿಯಲ್ಲಿ ನಿಮಗೇ ಗೊತ್ತು. ನಾನು ಗಮನಕ್ಕೆ ತರಬಯಸುವುದು ಬೇರೆ: ಸೈರಣೆಯ ಒಪ್ಪಂದಗಳು ಯಾವಾಗಲೂ ಹೀಗೆ ಸಣ್ಣ, ಎಣಿಸಬಹುದಾದ ವಸ್ತುಗಳ ಮೇಲೆ ನಡೆಯುತ್ತವೆ. ಎಷ್ಟು ವಾದ್ಯ, ಎಷ್ಟು ಹೊತ್ತು, ಎಷ್ಟು ದೂರ.

ಸಣ್ಣದು ಎಂದಾಗ ನೆನಪಾಗುವುದು ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿಯ ಆಯುಧಪೂಜೆ. ಕಡತದ ಕಪಾಟಿನಿಂದ ಹಿಡಿದು ಬೆರಳಚ್ಚು ಯಂತ್ರದವರೆಗೆ ಎಲ್ಲಕ್ಕೂ ಕುಂಕುಮ ಹಚ್ಚಿ, ಬಾಗಿಲಲ್ಲಿ ಬೂದುಗುಂಬಳ ಒಡೆದು, ಕಡಲೆಪುರಿ ಹಂಚುವುದು ವಾಡಿಕೆ. ನಮ್ಮಲ್ಲಿ ಒಬ್ಬ ಸಹೋದ್ಯೋಗಿ ದೇವರ ಮುಂದೆ ಇಟ್ಟದ್ದನ್ನು ತಿನ್ನುವವರಲ್ಲ; ಅದು ಅವರ ಧರ್ಮದ ನಿಯಮ. ಹೊಸದಾಗಿ ಸೇರಿದ್ದ ನಾನು, ‘ಒಂದು ಹಿಡಿ ಪುರಿಯಿಂದ ಏನಾಗುತ್ತದೆ, ನಾವೆಲ್ಲ ಒಂದೇ ಅಲ್ಲವೇ’ ಎಂದು ನಗುತ್ತಲೇ ಅವರ ಕೈಗೆ ಪೊಟ್ಟಣ ತುರುಕಿದೆ. ಅವರು ತೆಗೆದುಕೊಳ್ಳಲೂ ಆರದೆ, ಹಿಂದಿರುಗಿಸಲೂ ಆರದೆ ಅದನ್ನು ಹಿಡಿದುಕೊಂಡು ನಿಂತರು. ನಮ್ಮ ಹಳೆಯ ಅಟೆಂಡರ್ ಅಲ್ಲಿಗೆ ಬಂದವನು ಅವರ ಕೈಯಿಂದ ಆ ಪೊಟ್ಟಣವನ್ನು ತೆಗೆದುಕೊಂಡು, ಜೇಬಿನಿಂದ ಇನ್ನೊಂದನ್ನು ಕೊಟ್ಟು, ‘ತಗೊಳ್ಳಿ ಸಾರ್, ಇದು ಪೂಜೆಗೆ ಮುಂಚೆನೇ ತೆಗೆದಿಟ್ಟಿದ್ದು’ ಎಂದ. ಪ್ರತಿ ವರ್ಷವೂ ಹಾಗೆ ತೆಗೆದಿಡುತ್ತಿದ್ದನಂತೆ. ನನ್ನ ‘ನಾವೆಲ್ಲ ಒಂದೇ’ ಎಂಬ ಮಾತಿನಲ್ಲಿ ಅವರ ನಿಯಮಕ್ಕೆ ಜಾಗವಿರಲಿಲ್ಲ. ಅವನ ಜೇಬಿನಲ್ಲಿತ್ತು. ಆ ಮುದುಕನಿಗೆ ಆ ನಿಯಮದ ಬಗ್ಗೆ ಗೌರವವೇನೂ ಇರಲಿಲ್ಲ, ಹಿಂದೆ ಬಿಟ್ಟು ಹಾಸ್ಯವನ್ನೂ ಮಾಡುತ್ತಿದ್ದ ಎಂಬುದನ್ನೂ ಹೇಳಿಬಿಡಬೇಕು.

ಒಪ್ಪಂದಕ್ಕೆ ಬೆಲೆಯೂ ಇರುತ್ತದೆ. 1368ರ ಶಾಸನಕ್ಕೆ ಮರಳಿದರೆ, ತಿರುಮಲೆಯ ತಾತಯ್ಯ ಎಂಬಾತ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು, ಅದಕ್ಕಾಗಿ ರಾಜ್ಯದಲ್ಲಿರುವ ಜೈನರು ‘ಬಾಗಿಲುಗಟ್ಟಲೆಯಾಗಿ’ ಮನೆಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು, ಮಿಕ್ಕ ಹೊನ್ನಿನಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸೊದೆ ಅಂದರೆ ಸುಣ್ಣ ಬಳಿಸಬೇಕು ಎಂದಿದೆ. ಈ ಮಾತನ್ನು ಇಲ್ಲಿಗೇ ಬಿಡುತ್ತೇನೆ. ಕೊನೆಯಲ್ಲಿ ಇದೇ ನನ್ನನ್ನು ಹಿಡಿದು ನಿಲ್ಲಿಸಿತು.

ಬೆಲೆಯ ಇನ್ನೊಂದು ಬಗೆ ಹಳೇಬೀಡಿನಲ್ಲಿದೆ. 1638ರ ಶಾಸನದ ಪ್ರಕಾರ ಹುಚ್ಚಪ್ಪದೇವನೆಂಬ ವೀರಶೈವನು ಅಲ್ಲಿನ ವಿಜಯಪಾರ್ಶ್ವ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಹಾಕಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಊರು ಹೊತ್ತಿಕೊಳ್ಳಲು ಇಷ್ಟು ಸಾಕಾಗಿತ್ತು. ಆದರೆ ವೀರಶೈವರ ಮಹಾಮಹತ್ತು, ಅಂದರೆ ಹಿರಿಯರ ಸಭೆ, ಕೂಡಿ ಮಾಡಿದ ನಿರ್ಣಯವನ್ನು ನೋಡಿ: ಮೊದಲು ವಿಭೂತಿ ವೀಳ್ಯವನ್ನು ಸಲ್ಲಿಸಿ, ಆಮೇಲೆ ಜೈನರು ತಮ್ಮ ಬಸದಿಯಲ್ಲಿ ಪೂಜೆ, ಪುನಸ್ಕಾರ, ದೀಪಾರಾಧನೆಗಳನ್ನು ತಮ್ಮ ಪದ್ಧತಿಯಂತೆ ನಡೆಸಿಕೊಳ್ಳಬಹುದು, ಈ ಜೈನಧರ್ಮಕ್ಕೆ ಅಡ್ಡಿ ಮಾಡಿದವನು ಮಹಾಮಹತ್ತಿನ ಪಾದಕ್ಕೆ ಹೊರಗು, ಶಿವದ್ರೋಹಿ, ಜಂಗಮದ್ರೋಹಿ. ತೀರ್ಥಂಕರನ ಪೂಜೆಗೆ ಅಡ್ಡ ಬಂದವನು ಶಿವದ್ರೋಹಿ! ಇಂಥ ವಾಕ್ಯವನ್ನು ಕಟ್ಟಿದವರ ಬಗ್ಗೆ ನನಗೆ ಅಪಾರ ಮೆಚ್ಚುಗೆ. ಜೊತೆಗೆ, ತಮ್ಮದೇ ಬಸದಿಯಲ್ಲಿ ತಮ್ಮ ದೇವರಿಗೆ ದೀಪ ಹಚ್ಚುವ ಮುನ್ನ ಬೇರೆಯವರ ವಿಭೂತಿ ವೀಳ್ಯ ಸಲ್ಲಿಸಬೇಕಾಗಿ ಬಂದವರ ಮುಖ ಹೇಗಿದ್ದಿರಬಹುದೆಂದೂ ಯೋಚಿಸುತ್ತೇನೆ. ಲಿಂಗಮುದ್ರೆ ಹಾಕಿದವನು ಹುಚ್ಚಪ್ಪದೇವ, ವಿಭೂತಿ ವೀಳ್ಯ ಕೊಡಬೇಕಾದವರು ಜೈನರು. ಆದರೂ ಅಬ್ಬಲೂರಿನಲ್ಲಿ ಆದದ್ದಕ್ಕಿಂತ ಇದು ಮೇಲು. ಅಲ್ಲಿ ಏಕಾಂತದ ರಾಮಯ್ಯನು ತನ್ನ ತಲೆಯನ್ನು ಕತ್ತರಿಸಿಕೊಂಡು ಶಿವನಿಂದ ಮರಳಿ ಪಡೆಯುವುದಾಗಿ ಜೈನರೊಡನೆ ಪಣ ಕಟ್ಟಿ ಗೆದ್ದನೆಂದೂ, ಸೋತವರು ಮಾತಿಗೆ ತಪ್ಪಲು ಬಸದಿಯನ್ನು ಕೆಡವಿದನೆಂದೂ, ಬಿಜ್ಜಳನು ಅವನಿಗೆ ಜಯಪತ್ರ ಕೊಟ್ಟನೆಂದೂ 1200ರ ಸುಮಾರಿನ ಶಾಸನ ಹೆಮ್ಮೆಯಿಂದ ಹೇಳುತ್ತದೆ. ನಮ್ಮ ನಾಡು ಎಂದೆಂದೂ ಸೈರಣೆಯ ತವರಾಗಿತ್ತೆಂದು ಭಾಷಣ ಮಾಡುವವರು ಭಂಡಾರಿ ಬಸದಿಯಿಂದ ಅಬ್ಬಲೂರಿಗೂ ಒಮ್ಮೆ ಹೋಗಿ ಬರಬೇಕು.

ಇಲ್ಲಿಯವರೆಗೆ ಕೈಯ ಮಾತಾಯಿತು. ನಾಲಗೆಯ ಮಾತು ಬೇರೆ. ಕಲಬುರಗಿ ಜಿಲ್ಲೆಯ ಭೀಮಾ ತೀರದ ಸನ್ನತಿಯಲ್ಲಿ ಚಂದ್ರಲಾ ಪರಮೇಶ್ವರಿಯ ದೇವಾಲಯದ ಆವರಣದಲ್ಲಿದ್ದ ಕಾಳಿಗುಡಿಯ ಮಾಡು ಕುಸಿದು, 1980ರ ದಶಕದ ಕೊನೆಗೆ ಒಂದು ಅಶೋಕನ ಶಾಸನ ಬೆಳಕಿಗೆ ಬಂತು. ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆಯೇ ಅದು ಇತ್ತು. ವಿಗ್ರಹವನ್ನು ಕೂರಿಸಲು ಅಕ್ಷರಗಳ ನಡುವೆಯೇ ಚೌಕಾಕಾರದ ತೂತು ಕೊರೆದಿದ್ದರು. ಆ ಕಲ್ಲಿನ ಮೇಲಿದ್ದ ಶಾಸನಗಳಲ್ಲಿ ಒಂದು ಹನ್ನೆರಡನೆಯ ಶಿಲಾಶಾಸನ, ಅಶೋಕನು ಎಲ್ಲ ಪಂಥಗಳ ಬಗ್ಗೆ ಆಡಿದ ಮಾತು. ಎಲ್ಲ ಪಂಥಗಳ ಸಾರವೂ ಬೆಳೆಯಬೇಕು, ಅದಕ್ಕೆ ಮೂಲ ನಾಲಗೆಯ ಹತೋಟಿ ಎಂದು ಅದು ಹೇಳುತ್ತದೆ. ಅದೇ ಶಾಸನದ ಗುಜರಾತಿನ ಗಿರ್ನಾರಿನ ಪಾಠದಲ್ಲಿ ಅದಕ್ಕೆ ‘ವಚಿಗುತಿ’ ಎಂಬ ಮಾತಿದೆ. ತನ್ನ ಪಂಥವನ್ನು ಹೊಗಳುವುದು, ಪರರದನ್ನು ಹಳಿಯುವುದು ಸಂದರ್ಭವಿಲ್ಲದೆ ಕೂಡದು, ಸಂದರ್ಭ ಬಂದಾಗಲೂ ಹಗುರವಾಗಿರಬೇಕು ಎಂಬುದು ಅದರ ವಿವರಣೆ. ಪರಪಂಥದ ಟೀಕೆಯನ್ನೇ ಅಶೋಕ ನಿಷೇಧಿಸಲಿಲ್ಲ ಎಂಬುದನ್ನು ಗಮನಿಸಿ.

ಅವನದು ಬುದ್ಧಿಮಾತು. ಬುದ್ಧಿಮಾತನ್ನು ಕಾನೂನಾಗಿ ಎರಕ ಹೊಯ್ದರೆ ಅದರ ಗುಣ ಬದಲಾಗುತ್ತದೆ. ಧಾರ್ಮಿಕ ಭಾವನೆಗಳನ್ನು ಬೇಕೆಂದೇ ಕೆರಳಿಸುವುದನ್ನು ಅಪರಾಧವಾಗಿಸಿದ 295ಎ ಕಲಮನ್ನು ದಂಡಸಂಹಿತೆಗೆ ಸೇರಿಸಿದ್ದು 1927ರಲ್ಲಿ, ಲಾಹೋರಿನ ಒಂದು ಕಿರುಹೊತ್ತಗೆ ಎಬ್ಬಿಸಿದ ಗಲಭೆಯ ಹಿನ್ನೆಲೆಯಲ್ಲಿ. ಅಂದಿನಿಂದ ‘ಭಾವನೆಗೆ ಧಕ್ಕೆಯಾಗಿದೆ’ ಎಂಬ ಮಾತು ಒಂದು ಅಸ್ತ್ರವೇ ಆಗಿಹೋಗಿದೆ. ನಂಬುವ ವ್ಯಕ್ತಿಯನ್ನು ಸೈರಿಸಬೇಕೆಂದರೆ ಅವನ ನಂಬಿಕೆಯನ್ನು ಪ್ರಶ್ನಿಸಬಾರದೆಂದು ಅರ್ಥವಲ್ಲ. ಪ್ರಶ್ನಿಸಬಾರದೆಂದಾದರೆ ಹನ್ನೆರಡನೆಯ ಶತಮಾನದ ಶರಣರ ಅರ್ಧ ವಚನಗಳನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಬೇಕಾಗುತ್ತದೆ. ಶಾಸನಗಳನ್ನು ಓದುವುದನ್ನೇ ಬದುಕಾಗಿಸಿಕೊಂಡಿದ್ದ ಎಂ. ಎಂ. ಕಲಬುರ್ಗಿಯವರನ್ನು ಧಾರವಾಡದ ಅವರ ಮನೆಯಲ್ಲಿ 2015ರ ಆಗಸ್ಟ್ 30ರ ಬೆಳಿಗ್ಗೆ ಗುಂಡಿಕ್ಕಿ ಕೊಂದರು. ಸುಮಾರು ಕಾಲು ಶತಮಾನದ ಹಿಂದೆಯೇ ತಮ್ಮ ಸಂಶೋಧನೆಯ ಕೆಲವು ಮಾತುಗಳನ್ನು ಅವರು ಒತ್ತಡಕ್ಕೆ ಸಿಲುಕಿ ಹಿಂದಕ್ಕೆ ಪಡೆಯಬೇಕಾಗಿ ಬಂದಿತ್ತು. ಕೊಲೆಯ ಮೊಕದ್ದಮೆಯ ವಿಷಯಕ್ಕೆ ನಾನು ಹೋಗುವುದಿಲ್ಲ. ನಮ್ಮಂಥವರು ಅವರು ಸಂಪಾದಿಸಿದ ಶಾಸನಪಾಠಗಳನ್ನು ಇಟ್ಟುಕೊಂಡೇ ಇಂದಿಗೂ ಮಾತಾಡುತ್ತೇವೆ ಎಂದಷ್ಟೇ ಹೇಳುತ್ತೇನೆ.

ಆ ಕೊಲೆಯ ಮರುದಿನ, ಆಗಸ್ಟ್ 31ರಂದು, ದೆಹಲಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ವಿಷಯದಲ್ಲಿ ತಡೆಯಾಜ್ಞೆ ನೀಡಿತು. ಅದು ನಮ್ಮನ್ನು ಮತ್ತೆ ಬೆಳಗೊಳಕ್ಕೆ ಕರೆದೊಯ್ಯುತ್ತದೆ. ಜೈನರ ಸಲ್ಲೇಖನವು ಆತ್ಮಹತ್ಯೆಯೇ ಎಂದು ರಾಜಸ್ಥಾನದ ಹೈಕೋರ್ಟ್ ಅದೇ ತಿಂಗಳ ಮೊದಲ ಭಾಗದಲ್ಲಿ ತೀರ್ಪು ಕೊಟ್ಟಿತ್ತು. ತಡೆ ಬಂದದ್ದು ಆ ತೀರ್ಪಿಗೆ. ಅಲ್ಲಿ ಅದನ್ನು ಸಂಥಾರಾ ಎನ್ನುತ್ತಾರೆ. ಬೆಳಗೊಳದ ಚಿಕ್ಕಬೆಟ್ಟವನ್ನು ಹತ್ತಿದರೆ ಬಂಡೆಯ ಮೇಲೆ ಕಾಲಿಡುವಲ್ಲೆಲ್ಲ ಇಂಥ ಸಾವಿನ ನೆನಪುಗಳಿವೆ. ಏಳನೆಯ ಶತಮಾನದಿಂದಾಚೆಗೆ, ಇಂಥವರು ನೋಂತು ಮುಡಿಪಿದರು ಎಂದು ಹೇಳುವ ನಿಸಿದಿಗೆಗಳು, ಒಂದೆರಡು ಸಾಲಿನವು, ಮಳೆಗೆ ಸವೆದವು. ಯಾವ ಬಲವಂತವೂ ಇಲ್ಲದೆ, ವಯಸ್ಸಾದವರೊಬ್ಬರು, ದೇಹ ಇನ್ನು ಸಾಧನೆಗೆ ಒದಗದೆಂದು ತಿಳಿದು, ಗುರುವಿನ ಅನುಮತಿ ಪಡೆದು, ಅನ್ನವನ್ನು ಮೆಲ್ಲಗೆ ಬಿಡುತ್ತಾ ಹೋಗುವುದು ಆ ವ್ರತದ ಕ್ರಮ. ನನಗೆ ಅದು ಒಪ್ಪಿಗೆಯಿಲ್ಲ. ನನ್ನ ತಾಯಿ ಹಾಗೆ ಹೊರಟಿದ್ದರೆ ಕೈಕಾಲು ಹಿಡಿದು ಅತ್ತು ತಡೆಯುತ್ತಿದ್ದೆ. ಆದರೆ ಪೊಲೀಸರನ್ನು ಕರೆಯುತ್ತಿದ್ದೆನೇ ಎಂದು ಕೇಳಿಕೊಂಡರೆ, ಇಲ್ಲ. ಆ ನಂಬಿಕೆ ಚಾಚಿದ ಕೈ ಅದನ್ನು ನಂಬಿದವರ ಮೈಯ ಮೇಲೇ ನಿಂತಿದೆ, ಬೇರೆಯವರ ಮೈಗೆ ದಾಟಿಲ್ಲ. ಮಕ್ಕಳು ಮರಿಗಳು ಮನೆತನದ ಹೆಮ್ಮೆಗಾಗಿ ಮುದುಕಿಯನ್ನು ವ್ರತಕ್ಕೆ ನೂಕುತ್ತಿದ್ದಾರೆಂಬ ಅನುಮಾನ ಬಂದ ಕ್ಷಣಕ್ಕೆ ನನ್ನ ಉತ್ತರ ಬದಲಾಗುತ್ತದೆ.

ಗಡಿ ಎಲ್ಲಿದೆ ಎಂಬುದಕ್ಕೆ ನನ್ನ ಉತ್ತರ ಹೆಚ್ಚುಕಡಿಮೆ ಇದೇ. ಸೈರಣೆ ಮನಸ್ಸಿನದಲ್ಲ, ಕೈಯದು ಎಂದಾದರೆ ಅದರ ಗಡಿಯನ್ನೂ ಕೈಯಲ್ಲೇ ಹುಡುಕಬೇಕು. ಒಂದು ನಂಬಿಕೆ ಎಷ್ಟು ವಿಚಿತ್ರ, ಎಷ್ಟು ಹಳೆಯದು, ನನಗೆ ಎಷ್ಟು ಅಸಹ್ಯ ಎಂಬುದರಿಂದ ಗಡಿ ನಿರ್ಧಾರವಾಗುವುದಿಲ್ಲ. ಅದು ಯಾರ ಮೈಮೇಲೆ ಕೈಯಿಡುತ್ತದೆ, ಅವರಿಗೆ ಬೇಡವೆನ್ನುವ ಬಾಯಿ ಇದೆಯೇ, ಬಿಟ್ಟು ಹೊರಡುವ ಬಾಗಿಲು ಇದೆಯೇ ಎಂಬುದರಿಂದ ಆಗುತ್ತದೆ. ಸಂವಿಧಾನದ 25ನೆಯ ವಿಧಿ ಧರ್ಮದ ಸ್ವಾತಂತ್ರ್ಯವನ್ನು ಕೊಡುವ ವಾಕ್ಯದಲ್ಲೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳನ್ನೂ ಉಳಿದ ಮೂಲಭೂತ ಹಕ್ಕುಗಳನ್ನೂ ಅದರ ಮೇಲಿಟ್ಟಿದೆ. ಕೇರಳದ ಶಾಲೆಯೊಂದರಲ್ಲಿ 1985ರಲ್ಲಿ ಯೆಹೋವನ ಸಾಕ್ಷಿಗಳೆಂಬ ಪಂಥದ ಮೂವರು ಮಕ್ಕಳನ್ನು, ರಾಷ್ಟ್ರಗೀತೆಗೆ ಎದ್ದು ನಿಂತರೂ ಹಾಡಲಿಲ್ಲವೆಂದು ಹೊರಹಾಕಿದರು. ತಮ್ಮ ದೇವರನ್ನಲ್ಲದೆ ಬೇರೊಂದನ್ನು ಹಾಡಿ ಹೊಗಳುವುದು ಅವರ ಧರ್ಮಕ್ಕೆ ಸಲ್ಲದು. ಮರುವರ್ಷ ಸುಪ್ರೀಂ ಕೋರ್ಟ್ ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳಲು ಹೇಳಿತು. ಬಹಳ ಜನರಿಗೆ ಆ ಮಕ್ಕಳ ಮೌನ ಸಿಟ್ಟು ತರಿಸಿತ್ತು. ಆದರೆ ಅವರ ಮೌನ ಪಕ್ಕದಲ್ಲಿ ನಿಂತು ಹಾಡುತ್ತಿದ್ದ ಮಗುವಿನ ಬಾಯನ್ನು ಮುಚ್ಚಿರಲಿಲ್ಲ.

ಇದರ ಎದುರಿಗೆ ದೇವದಾಸಿ ಪದ್ಧತಿಯನ್ನು ಇಡಿ. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಎಳೆಯ ಹುಡುಗಿಯ ಕೊರಳಿಗೆ ಮುತ್ತು ಕಟ್ಟುವಾಗ, ನಂಬಿಕೆ ತಂದೆತಾಯಿಯದು, ಹರಕೆ ಅವರದು, ಮೈ ಮಾತ್ರ ಅವಳದು. ಇಲ್ಲಿ ಸೈರಣೆಯ ಪ್ರಶ್ನೆಯೇ ಏಳುವುದಿಲ್ಲ. 1982ರ ಕರ್ನಾಟಕದ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅವಳು ಒಪ್ಪಿದ್ದರೂ ಒಪ್ಪದಿದ್ದರೂ ಆ ಸಮರ್ಪಣೆ ಅಸಿಂಧು ಎಂದಿದೆ. ಹೀಗೆ ಒಪ್ಪಿಗೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದ ಕಾನೂನನ್ನು ನಾನು ಸಾಮಾನ್ಯವಾಗಿ ಅನುಮಾನದಿಂದ ನೋಡುತ್ತೇನೆ. ಇಲ್ಲಿ ಮಾತ್ರ, ಕೊರಳಿಗೆ ಮುತ್ತು ಕಟ್ಟಿಸಿಕೊಂಡೇ ಬೆಳೆದವಳ ಒಪ್ಪಿಗೆಗೆ ಎಷ್ಟು ತೂಕ ಎಂದು ಕೇಳಿದರೆ ಕಾನೂನು ಸರಿಯೆನಿಸುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ನನ್ನ ಗಡಿರೇಖೆ ಬಹಳ ಚೆಲುವಾಗಿ ಕಾಣುತ್ತದೆ. ಅದನ್ನು ಕೆಡಿಸುವ ಸಂಗತಿ ಕುಕ್ಕೆ ಸುಬ್ರಹ್ಮಣ್ಯದ ಮಡೆಸ್ನಾನ. ಚಂಪಾಷಷ್ಠಿಯ ದಿನಗಳಲ್ಲಿ ಬ್ರಾಹ್ಮಣರು ಉಂಡು ಬಿಟ್ಟ ಎಲೆಗಳ ಮೇಲೆ ಜನ ಉರುಳುತ್ತಿದ್ದರು, ಚರ್ಮರೋಗ ವಾಸಿಯಾಗಲೆಂದು, ಹರಕೆ ತೀರಲೆಂದು. ಉರುಳುವವರು ವಯಸ್ಕರು, ತಾವಾಗಿಯೇ ಬಂದವರು; ಅವರಲ್ಲಿ ಬ್ರಾಹ್ಮಣರೂ ಇರುತ್ತಿದ್ದರೆಂದು ಪದ್ಧತಿಯ ಪರವಾದವರು ಹೇಳುತ್ತಿದ್ದರು. 2011ರಲ್ಲಿ ಇದನ್ನು ನಿಲ್ಲಿಸಲು ಹೊರಟಾಗ ಪ್ರತಿಭಟಿಸಿದವರು ಮಲೆಕುಡಿಯರು. ಬಿದಿರು ಬೆತ್ತಗಳಿಂದ ಆ ದೇವರ ರಥವನ್ನು ಕಟ್ಟುವ ಸಮುದಾಯ ಅದು. ನಿಷೇಧ ಹಿಂದಕ್ಕೆ ಹೋಯಿತು. ಮುಂದಿನ ವರ್ಷ ಹೈಕೋರ್ಟ್ ಎಂಜಲಿನ ಬದಲು ದೇವರ ನೈವೇದ್ಯವಿಟ್ಟ ಎಲೆಯ ಮೇಲೆ ಉರುಳುವ ಎಡೆಸ್ನಾನಕ್ಕೆ ದಾರಿ ಮಾಡಿತು, 2014ರಲ್ಲಿ ಸುಪ್ರೀಂ ಕೋರ್ಟ್ ಮಡೆಸ್ನಾನಕ್ಕೆ ತಡೆ ಕೊಟ್ಟಿತು. ಕೊನೆಗೆ 2017ರಲ್ಲಿ ವಿಧಾನಮಂಡಲ ಒಪ್ಪಿದ, 2020ರ ಜನವರಿಯಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳ ಕಾನೂನು, ಎಂಜಲೆಲೆಯ ಮೇಲೆ ಉರುಳಿಸುವುದನ್ನು ಮನುಷ್ಯನ ಘನತೆಗೆ ಕುಂದೆಂದು ಹೇಳಿ ನಿಷೇಧಿಸಿತು.

ನನ್ನ ಅಳತೆಗೋಲಿನಂತೆ ನೋಡಿದರೆ, ಸಲ್ಲೇಖನಕ್ಕೆ ಬಿಟ್ಟವನು ಮಡೆಸ್ನಾನಕ್ಕೂ ಬಿಡಬೇಕಾಗುತ್ತದೆ. ಪ್ರಾಣ ಬಿಡುವುದಕ್ಕೆ ಬಿಟ್ಟು, ಎಲೆಯ ಮೇಲೆ ಉರುಳುವುದಕ್ಕೆ ಬಿಡದಿರುವುದು ಯಾವ ನ್ಯಾಯ? ಈ ಪ್ರಶ್ನೆಯೊಂದಿಗೆ ನಾನು ಬಹಳ ದಿನ ಜಗಳವಾಡಿದ್ದೇನೆ. ಸಲ್ಲೇಖನ ತೆಗೆದುಕೊಂಡವರ ಮುಂದೆ ಅವರ ಸಮುದಾಯವೇ ತಲೆಬಾಗುತ್ತದೆ. ಅಲ್ಲಿ ಯಾರೂ ಯಾರಿಗಿಂತ ಕೀಳೆಂದು ಸಾಬೀತಾಗುವುದಿಲ್ಲ. ಮಡೆಸ್ನಾನದಲ್ಲಿ ಉರುಳುವವನು ತನ್ನೊಬ್ಬನ ಮೈಯನ್ನಷ್ಟೇ ಉರುಳಿಸುವುದಿಲ್ಲ, ಊಟಕ್ಕೆ ಕೂರುವ ಪಂಕ್ತಿಯೇ ಹುಟ್ಟಿನಿಂದ ಬೇರೆಯಾಗಿರುವ ಒಂದು ವ್ಯವಸ್ಥೆಯನ್ನು ತನ್ನ ಮೈಯಿಂದ ದೃಢಪಡಿಸುತ್ತಾನೆ. ಆ ದೃಢೀಕರಣದ ಭಾರ ಅಲ್ಲಿಗೆ ಬಾರದ, ಹರಕೆ ಹೊರದ ಅವನ ಕುಲದವರೆಲ್ಲರ ಮೇಲೂ ಬೀಳುತ್ತದೆ. ಆದ್ದರಿಂದ ಕಾನೂನು ತಪ್ಪೆಂದು ನಾನು ಹೇಳಲಾರೆ. ಆದರೆ ಮಲೆಕುಡಿಯರಿಗೆ, ‘ನಿಮ್ಮ ಒಪ್ಪಿಗೆ ನಿಜವಾದ ಒಪ್ಪಿಗೆಯಲ್ಲ, ಅದು ನಮಗೆ ಗೊತ್ತು’ ಎಂದು ಬೆಂಗಳೂರಿನಲ್ಲಿ ಕುಳಿತು ಹೇಳುವವರ ದನಿಯಲ್ಲಿ ನನ್ನ ದನಿಯೂ ಸೇರಿದೆಯಲ್ಲ ಎಂಬ ಮುಜುಗರ ಹೋಗಿಲ್ಲ. ಅದೇ ಕಾನೂನು ತನಗೆ ಹೊರತಾದವುಗಳನ್ನೂ ಪಟ್ಟಿ ಮಾಡಿದೆ: ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಮಕ್ಕಳ ಕಿವಿಮೂಗು ಚುಚ್ಚುವುದು, ವಾಸ್ತು, ಜ್ಯೋತಿಷ್ಯ, ಜೈನರ ಕೇಶಲೋಚನ. ಕೂದಲನ್ನು ಕೈಯಿಂದಲೇ ಕಿತ್ತುಕೊಳ್ಳುವ ವ್ರತ ಆ ಪಟ್ಟಿಯಲ್ಲಿ ಉಳಿದದ್ದು ನನಗೆ ಸರಿಯೆನಿಸುತ್ತದೆ. ಜ್ಯೋತಿಷ್ಯ ಉಳಿದದ್ದು ಸೈರಣೆಯಿಂದಲೋ ಮತದಾರರ ಭಯದಿಂದಲೋ ಎಂಬುದನ್ನು ನಿಮ್ಮ ಊಹೆಗೆ ಬಿಡುತ್ತೇನೆ.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: ‘ಅನ್ಯಾಯ ಮಾಡಿದವರು ಭಕ್ತರು ಅಂತ ಶಾಸನವೇ ಹೇಳುತ್ತದೆ. ಕಾವಲಿನ ಹಣ ಕೊಟ್ಟವರು ಭವ್ಯರು. ಹಾಗಾದರೆ ಆ ಒಂದು ಹಣ ರಕ್ಷಣೆಯದೋ, ಕಪ್ಪವೋ?’ ಹಲವು ವರ್ಷಗಳಿಂದ ಈ ಶಾಸನದ ಬಗ್ಗೆ ಮಾತಾಡುತ್ತಿದ್ದೇನೆ, ಹಣದ ಸಾಲನ್ನು ಪ್ರತಿ ಸಲವೂ ಓದಿ ಹೇಳಿದ್ದೇನೆ, ಅದು ರಾಜಿಯ ಒಂದು ವಿವರವೆಂದು ಮುಂದೆ ಹೋಗಿದ್ದೇನೆ. ಕಪ್ಪವೂ ಹೌದು ಎಂದು ಒಪ್ಪಿಕೊಂಡೆ. ಭವ್ಯರ ಅನುಮತಿಯಿಂದ ಎಂಬ ಮಾತು ಅಲ್ಲಿದೆ, ಆದರೆ ದೂರು ಕೊಟ್ಟು ಬಂದವರು ಅರಸನ ಎದುರು, ಹದಿನೆಂಟು ನಾಡಿನ ಶ್ರೀವೈಷ್ಣವರ ನಡುವೆ ನಿಂತು ಕೊಡುವ ಅನುಮತಿ ಎಂಥದ್ದೆಂದು ಹೇಳುವುದು ಕಷ್ಟ ಎಂದೆ. ಅದೇ ಕಲ್ಲಿನ ಕೊನೆಗೆ, ಕಲ್ಲೆಹದ ಬುಸುವಿಸೆಟ್ಟಿ ಎಂಬ ಜೈನ ವರ್ತಕನು ಮುಂದೆ ಅರಸನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆಸಿ, ಈ ಕಟ್ಟಳೆಯನ್ನು ಜೀರ್ಣೋದ್ಧಾರ ಮಾಡಿಸಿದನೆಂದೂ, ಎರಡೂ ಸಮಯದವರು, ಅಂದರೆ ಎರಡೂ ಪಂಥದವರು, ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರೆಂದೂ ಇದೆ. ಅಂದರೆ ಸೂರ್ಯಚಂದ್ರರಿರುವವರೆಗೂ ನಡೆಯಬೇಕಾಗಿದ್ದ ಮಾತನ್ನು ಮತ್ತೆ ನೆನಪಿಸಲು ಹಣ ಕೊಡುವವರೇ ಓಡಾಡಬೇಕಾಯಿತು. ಅವಳು ತನ್ನ ಪುಸ್ತಕದಲ್ಲಿ ಏನನ್ನೋ ಬರೆದುಕೊಂಡಳು. ಮಿಕ್ಕ ಹೊನ್ನಿನಲ್ಲಿ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂಬ ಸಾಲನ್ನು ಸೇರಿಸುವಂತೆ ಕೇಳಿಕೊಂಡವರು ಭವ್ಯರೇ ಇರಬೇಕೆಂದು ದಾರಿಯಲ್ಲಿ ಬರುತ್ತಾ ನನಗೆ ಹೊಳೆಯಿತು. ಕೊಡಲೇಬೇಕಾಗಿ ಬಂದ ಹಣದಲ್ಲಿ ತಮ್ಮ ಗೋಡೆಗಳಿಗೆ ಸುಣ್ಣವನ್ನಾದರೂ ಉಳಿಸಿಕೊಂಡರು.